ಮನೆ ಮುಂದಿನ ದಾರಿಗೆ ಎಷ್ಟು ಟನ್ ಡಾಂಬರು ಬೇಕು?

ತುಮಕೂರಿನ ಸುತ್ತಮುತ್ತ ತೋಟದ ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಗೇಟಿನಿಂದ ಮನೆವರೆಗೆ ಡಾಂಬರು ಹಾಕಿಸುವ ಮೊದಲು ಲೆಕ್ಕ ನೀವೇ ಹಾಕಿ. ಉದ್ದ, ಅಗಲ, ದಪ್ಪ ಮೂರನ್ನೂ ಅಡಿಯಲ್ಲಿ ಗುಣಿಸಿ. ರೋಲರ್ ಹೊಡೆದ ಡಾಂಬರು ಘನ ಅಡಿಗೆ ಸುಮಾರು 66 ಕೆಜಿ ತೂಗುತ್ತದೆ. 40 ಅಡಿ ಉದ್ದ, 10 ಅಡಿ ಅಗಲ, 2 ಇಂಚು ದಪ್ಪ ಅಂದರೆ ಸುಮಾರು 67 ಘನ ಅಡಿ, ಹೆಚ್ಚುಕಮ್ಮಿ 4.4 ಟನ್. ವೇಸ್ಟೇಜಿಗೆ ನೂರಕ್ಕೆ 5ರಿಂದ 10 ಸೇರಿಸಿ.

ಮೋಸ ಹೋಗುವುದು ದಪ್ಪದಲ್ಲೇ. 2 ಇಂಚು ಅನ್ನುವುದು ರೋಲರ್ ಹೊಡೆದ ಮೇಲಿನ ಅಳತೆ. ಹರಡುವಾಗ ಎರಡೂವರೆ ಇಂಚಾದರೂ ಇರಬೇಕು. ಸುಮ್ನೆ ಬಾಯಿಮಾತು ನಂಬಬೇಡಿ, ಟೇಪ್ ಹಿಡಿದು ಪಕ್ಕದಲ್ಲೇ ನಿಂತು ನೋಡಿ. ಲಾರಿ ಬಂದ ಕೂಡಲೇ ತೂಕದ ಚೀಟಿ ಕೇಳಿ. ಕೆಳಗೆ ಹಾಸುವ ಜಲ್ಲಿಯದು ಬೇರೆ ಲೆಕ್ಕ.