ಒಂದೇ ಮಾಡೆಲ್, ಎರಡು ಪ್ರೊಸೆಸರ್: ಉತ್ತರ ಬೇರೆ ಬಂದರೆ ಎಲ್ಲಿಂದ ಹುಡುಕಬೇಕು?

ನನ್ನ ಲ್ಯಾಪ್‌ಟಾಪ್ ಆಪಲ್ ಎಂ1, ಆಫೀಸಿನ ಸರ್ವರ್ ಇಂಟೆಲ್. ಎರಡರಲ್ಲೂ ಅದೇ ಕಂಟ್ರೋಲ್ ಫೈಲ್, ಅದೇ ಡೇಟಾ ಇಟ್ಟು ನಾನ್‌ಮೆಮ್ (ಔಷಧಿ ದೇಹದಲ್ಲಿ ಹೇಗೆ ಏರಿಳಿಯುತ್ತದೆ ಎನ್ನುವ ಮಾಡೆಲನ್ನು ಡೇಟಾಗೆ ಹೊಂದಿಸುವ ಸಾಫ್ಟ್‌ವೇರ್) ಓಡಿಸಿದೆ. ಸರ್ವರಿನಲ್ಲಿ ಕೋವೇರಿಯನ್ಸ್ ಸ್ಟೆಪ್ (ಸಿಕ್ಕ ಅಂದಾಜುಗಳನ್ನು ಎಷ್ಟು ನಂಬಬಹುದು ಅಂತ ಲೆಕ್ಕ ಹಾಕುವ ಹಂತ) ಮುಗಿಯಿತು, ಲ್ಯಾಪ್‌ಟಾಪಿನಲ್ಲಿ ಕೈಕೊಟ್ಟಿತು. ಎರಡು ದಿನ ಡೇಟಾವನ್ನು ಸುಮ್ನೆ ಬೈದುಕೊಂಡು ಕೂತಿದ್ದೆ. ಈಗ ಹೀಗಾದರೆ ಬೇರೆ ದಾರಿ ಹಿಡಿಯುತ್ತೇನೆ.

ಪ್ರೊಸೆಸರ್ ಮೇಲೆ ಗೂಬೆ ಕೂರಿಸುವ ಮುಂಚೆ ನಾನ್‌ಮೆಮ್ ಆವೃತ್ತಿ, ಅದನ್ನು ಕಂಪೈಲ್ ಮಾಡುವ ಜಿಫೋರ್ಟ್ರಾನ್ ಆವೃತ್ತಿ, ಕಂಪೈಲರ್ ಆಪ್ಷನ್‌ಗಳು ಎರಡೂ ಕಡೆ ಒಂದೇನಾ ನೋಡಿ. ಪ್ಯಾರಲಲ್ ಓಡಿಸುತ್ತಿದ್ದರೆ ಒಂದೇ ಕೋರ್‌ಗೆ ಇಳಿಸಿ. ಕೂಡುವ ಕ್ರಮ ಬದಲಾದರೂ ಸಾಕು, ಕೊನೆಯ ಅಂಕಿ ಬದಲಾಗುತ್ತದೆ.

ಆಮೇಲೆ ಕಂಟ್ರೋಲ್ ಫೈಲಿನಲ್ಲಿ ಮ್ಯಾಕ್ಸ್‌ಇವಾಲ್ 0 ಕೊಟ್ಟು ಎರಡೂ ಕಡೆ ಓಡಿಸಿ. ಆಗ ಪ್ಯಾರಾಮೀಟರ್ ಹುಡುಕಾಟ ಇರುವುದಿಲ್ಲ, ಶುರುವಿನ ಬೆಲೆಗಳಲ್ಲಿ ಆಬ್ಜೆಕ್ಟಿವ್ ಫಂಕ್ಷನ್ (ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತದೆ ಎನ್ನುವ ಅಂಕಿ) ಎಷ್ಟು ಅಂತ ಮಾತ್ರ ಬರುತ್ತದೆ. ಇಲ್ಲೇ ದೊಡ್ಡ ವ್ಯತ್ಯಾಸ ಕಂಡರೆ ಡೇಟಾ ಓದುವುದರಲ್ಲೋ ಡಿಫರೆನ್ಷಿಯಲ್ ಸಮೀಕರಣದ ಸಾಲ್ವರಿನಲ್ಲೋ ಎಡವಟ್ಟಿದೆ. ಮೊದಲ ಆರೇಳು ಅಂಕಿ ಕೂಡಿಬಂದರೆ ಲೆಕ್ಕ ಸರಿ, ಹುಡುಕುವ ದಾರಿಯಲ್ಲಿ ಕವಲು ಒಡೆದಿದೆ.

ಕವಲು ಯಾಕೆ? ಡಬಲ್ ಪ್ರಿಸಿಷನ್‌ನಲ್ಲಿ ಸುಮಾರು 16 ಅಂಕಿ ಉಳಿಯುತ್ತವೆ. ಎಂ1 ಥರದ ಆರ್ಮ್ ಚಿಪ್ಪಿನಲ್ಲಿ ಗುಣಿಸಿ ಕೂಡುವುದು ಒಂದೇ ಏಟಿಗೆ ಆಗುತ್ತದೆ, ರೌಂಡಿಂಗ್ ಒಂದೇ ಸಲ. ಇಂಟೆಲ್‌ಗೆ ಈ ಎಫ್‌ಎಂಎ ಸೂಚನೆ 2013ರ ಹ್ಯಾಸ್ವೆಲ್‌ನಲ್ಲಿ ಬಂತು. ಆದರೂ ಬೇಕೆಂದು ಕೇಳದಿದ್ದರೆ ಜಿಫೋರ್ಟ್ರಾನ್ ಅದನ್ನು ಬಳಸುವುದಿಲ್ಲ, ಎರಡು ಸಲ ರೌಂಡ್ ಮಾಡುತ್ತದೆ. ಕೊನೆಯ ಅಂಕಿ ತಾನೇ ಅಂದುಕೊಳ್ಳಬೇಡಿ. ಗ್ರೇಡಿಯೆಂಟ್ ಹುಡುಕುವಾಗ ಹೆಚ್ಚುಕಡಿಮೆ ಸಮವಾದ ಎರಡು ಸಂಖ್ಯೆಗಳನ್ನು ಕಳೆದು, ಬಹಳ ಚಿಕ್ಕ ಸಂಖ್ಯೆಯಿಂದ ಭಾಗಿಸುತ್ತೇವೆ. ಮೂಲೆಯಲ್ಲಿದ್ದ ಕಸ ನಡುಮನೆಗೆ ಬರುತ್ತದೆ. ಕೋವೇರಿಯನ್ಸ್ ಸ್ಟೆಪ್‌ನಲ್ಲಿ ಎರಡನೇ ಡೆರಿವೇಟಿವ್ ಬೇಕು, ಅಲ್ಲಿ ಇನ್ನೂ ಜಾಸ್ತಿ.

ಹಾಗಾಗಿ ಎರಡೂ ಕಡೆ ಎಫ್‌ಪಿ-ಕಾಂಟ್ರಾಕ್ಟ್ (ಎಫ್‌ಎಂಎ ಬಳಸಲು ಬಿಡುವ ಕಂಪೈಲರ್ ಆಪ್ಷನ್) ಆಫ್ ಮಾಡಿ ಮತ್ತೆ ಕಂಪೈಲ್ ಮಾಡಿ. ವೇಗಕ್ಕಾಗಿ ಲೆಕ್ಕದ ಕ್ರಮ ಬದಲಿಸಲು ಬಿಡುವ ಫಾಸ್ಟ್-ಮ್ಯಾತ್ ಇದ್ದರೆ ಕಿತ್ತುಹಾಕಿ. ಅಷ್ಟಾದರೂ ಬಿಟ್ ಬಿಟ್ ಹೊಂದಬೇಕೆಂದು ಹಟ ಬೇಡ. ಮ್ಯಾಕ್ ಮತ್ತು ಲಿನಕ್ಸ್‌ನ ಎಕ್ಸ್‌ಪೊನೆಂಟ್, ಲಾಗ್ ಲೈಬ್ರರಿಗಳೇ ಬೇರೆ ಬೇರೆ.

ಎಷ್ಟು ವ್ಯತ್ಯಾಸ ಸರಿ? ಒಂದು ಪ್ಯಾರಾಮೀಟರ್ ಸೇರಿಸಲು ಆಬ್ಜೆಕ್ಟಿವ್ ಫಂಕ್ಷನ್ ಎಷ್ಟು ಇಳಿಯಬೇಕು ಅಂತ ನಾವು ನೋಡುವ ಗೆರೆ 3.84. ಅದರ ಮುಂದೆ 0.002ಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಉತ್ತರ ಅದಕ್ಕಿಂತ ಹೆಚ್ಚು ಓಲಾಡಿದರೆ ಎನ್‌ಸಿಗ್ (ಅಂದಾಜಿನಲ್ಲಿ ಎಷ್ಟು ಅಂಕಿ ಸರಿ ಬೇಕು) 3, ಸಿಗ್‌ಎಲ್ (ಆಬ್ಜೆಕ್ಟಿವ್ ಫಂಕ್ಷನ್ ಲೆಕ್ಕದ ನಿಖರತೆ) 9, ಟಾಲ್ (ಸಾಲ್ವರಿನ ನಿಖರತೆ) 9 ಇಡಿ. ಜೊತೆಗೆ ಒಂದೇ ಕಂಪ್ಯೂಟರಿನಲ್ಲಿ ಶುರುವಿನ ಬೆಲೆಗಳನ್ನು ಶೇ. 10ರಷ್ಟು ಅಲುಗಿಸಿ ಓಡಿಸಿ. ಅಲ್ಲೂ ಓಲಾಡಿದರೆ ಚಿಪ್ಪಿನ ತಪ್ಪಲ್ಲ, ಅಲ್ವಾ?

ನನ್ನದು ಹಾಗೇ ಆಯಿತು. ಮಾತ್ರೆ ನುಂಗಿದ ಮೊದಲ ಗಂಟೆಯಲ್ಲಿ ರಕ್ತದ ಸ್ಯಾಂಪಲ್ಲೇ ಇರಲಿಲ್ಲ. ಆದರೂ ಹೀರಿಕೆಯ ವೇಗಕ್ಕೆ ನಾನು ಒಂದು ಒಮೆಗಾ (ಒಬ್ಬರಿಂದ ಒಬ್ಬರಿಗೆ ಎಷ್ಟು ವ್ಯತ್ಯಾಸ ಎನ್ನುವ ಪ್ಯಾರಾಮೀಟರ್) ಹಾಕಿಟ್ಟಿದ್ದೆ. ಅದನ್ನು ತೆಗೆದ ಮೇಲೆ ಎರಡೂ ಕಡೆ ಕೋವೇರಿಯನ್ಸ್ ಸ್ಟೆಪ್ ಮುಗಿಯಿತು.