ಬ್ಲೋಹೋಲ್ ನೋಡಲು ಹೊರಡುವ ಮುಂಚೆ ಅಲೆಯ ದಿಕ್ಕು ನೋಡಿ

ಬಿಸಿಲು ಚೆನ್ನಾಗಿದೆ, ಸಮುದ್ರ ಶಾಂತವಾಗಿದೆ, ಬ್ಲೋಹೋಲ್ (ಕಡಲತೀರದ ಬಂಡೆಯಲ್ಲಿ ಅಲೆಯ ನೀರು ಕಾರಂಜಿಯ ಹಾಗೆ ಚಿಮ್ಮುವ ತೂತು) ನೋಡಿ ಬರೋಣ ಅಂತ ಹೊರಟರೆ ಬಂಡೆಯಲ್ಲೊಂದು ತೂತು ನೋಡಿ ವಾಪಸ್ ಬರುತ್ತೀರಿ, ಅಷ್ಟೇ. ಇದಕ್ಕೆ ಬೇಕಾದದ್ದು ಒಳ್ಳೆ ಹವೆಯಲ್ಲ, ಒಳ್ಳೆ ಅಲೆ.

ಅಲೆ ಬಡಿದು ಬಡಿದು ಬಂಡೆಯ ಬಿರುಕು ಗುಹೆಯಾಗುತ್ತದೆ, ಎಲ್ಲೋ ಒಂದು ಕಡೆ ಅದರ ಮೇಲ್ಭಾಗ ತೂತು ಬೀಳುತ್ತದೆ. ದೊಡ್ಡ ಅಲೆ ಒಳಗೆ ನುಗ್ಗಿದಾಗ ಅಲ್ಲಿನ ಗಾಳಿಗೆ ಓಡಲು ಬೇರೆ ದಾರಿಯಿಲ್ಲ, ಒತ್ತಿಕೊಂಡು ನೀರನ್ನೂ ಎಳೆದುಕೊಂಡು ಮೇಲೆ ಚಿಮ್ಮುತ್ತದೆ. ಹಾಗಾಗಿ ಗುಹೆಯ ಬಾಯಿ ಇರುವ ಕಡೆಯಿಂದಲೇ ಅಲೆ ಬರಬೇಕು. ಆಸ್ಟ್ರೇಲಿಯಾದ ಕಯಾಮಾದಲ್ಲಿ ಅಲೆ ಆಗ್ನೇಯದಿಂದ ಬಂದ ದಿನ ನೀರು 25 ಮೀಟರ್‌ವರೆಗೂ ಏರುತ್ತದೆ. ಅದೇ ಊರಿನ ಚಿಕ್ಕ ಬ್ಲೋಹೋಲ್‌ಗೆ ಈಶಾನ್ಯದ ಅಲೆ ಬೇಕು, ಅಂದರೆ ಒಂದು ಸುಮ್ನಿದ್ದರೂ ಇನ್ನೊಂದು ಸಿಗಬಹುದು. ಶ್ರೀಲಂಕಾದ ಹುಮ್ಮಾನಯ ಬ್ಲೋಹೋಲ್‌ಗೆ ಜೂನ್ ಸುಮಾರಿನ ಮುಂಗಾರು ಒಳ್ಳೆಯದು.

ಹೊರಡುವ ಹಿಂದಿನ ದಿನ ಸರ್ಫಿಂಗ್ ಮಾಡುವವರು ನೋಡುವ ಅಲೆ ಮುನ್ಸೂಚನೆ ತೆರೆದು ಎತ್ತರದ ಜೊತೆ ದಿಕ್ಕನ್ನೂ, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಸೆಕೆಂಡು ಜಾಸ್ತಿ ಇದ್ದರೆ ಅಲೆಯಲ್ಲಿ ದಮ್ಮು ಜಾಸ್ತಿ. ಉಬ್ಬರ ಇಳಿತದ ವಿಷಯ ಮಾತ್ರ ಆಯಾ ತೂತಿಗೆ ಬಿಟ್ಟದ್ದು, ಅಲ್ಲಿನವರನ್ನೇ ಕೇಳಿ.

ತಲುಪಿದ ಮೇಲೆ ನೇರ ತೂತಿನ ಹತ್ತಿರ ಓಡಬೇಡಿ. ದೂರದಲ್ಲೇ ಇಪ್ಪತ್ತು ನಿಮಿಷ ನಿಂತುಕೊಳ್ಳಿ, ಯಾಕೆಂದರೆ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಏನೂ ಇಲ್ಲವೇನೋ ಅನ್ನುವಷ್ಟು ಮೌನ. ಬಂಡೆ ಎಲ್ಲಿವರೆಗೆ ಒದ್ದೆಯಾಗಿದೆಯೋ ಅಲ್ಲಿವರೆಗೆ ನೀರು ಬಂದೇ ಬರುತ್ತದೆ, ಒಣಗಿದ ಕಡೆಯೇ ನಿಲ್ಲಿ, ಅದೂ ಗಾಳಿಗೆ ಬೆನ್ನು ಮಾಡಿ. ಸಮೋವಾದ ಅಲೊಫಾಗಾದಲ್ಲಿ ಊರಿನವರು ತೂತಿಗೆ ತೆಂಗಿನಕಾಯಿ ಹಾಕುತ್ತಾರೆ, ಅದು ಗುಂಡಿನ ಹಾಗೆ ಆಕಾಶಕ್ಕೆ ಹಾರುತ್ತದೆ. ನೀರು ಮೇಲೆ ಹೋದಷ್ಟೇ ಜೋರಾಗಿ ವಾಪಸ್ ಒಳಗೂ ಎಳೆಯುತ್ತದೆ, ಇಣುಕಿ ನೋಡುವ ಜಾಗ ಇದಲ್ಲ. ಬೇಲಿ ದಾಟಿ ಸೆಲ್ಫಿ ತೆಗೆಯುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಫೋಟೋಗೆ ಕಣ್ಣಿಗಿಂತ ಕಿವಿ ಮುಖ್ಯ. ಮೊದಲು ಕಾಲಡಿ ಧಡ್ ಅನ್ನುತ್ತದೆ, ಆಮೇಲೆ ತೂತು ಬುಸುಗುಡುತ್ತದೆ, ಆಗಲೇ ಬಟನ್ ಒತ್ತಬೇಕು, ನೀರು ಕಂಡ ಮೇಲೆ ಒತ್ತಿದರೆ ತಡ. ಲೆನ್ಸ್ ಮೇಲೆ ಬಿದ್ದ ಹನಿಯನ್ನು ಸಿಹಿನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಉಪ್ಪು ಒಣಗಿದ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ.