ಜಿಮೇಲ್ ಖಾತೆಯಿಂದ ಕೀಪ್ಯಾಡ್ ಫೋನಿಗೆ ಎಸ್‌ಎಂಎಸ್: ಎಪ್ಪತ್ತರ ಲೆಕ್ಕ ತಪ್ಪಬಾರದು

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯ ಎಷ್ಟೋ ಹಾಲು ಉತ್ಪಾದಕರ ಸಂಘಗಳಲ್ಲಿ ಈಗ ಕಂಪ್ಯೂಟರ್ ಇದೆ, ಕಾರ್ಯದರ್ಶಿಗೆ ಜಿಮೇಲ್ ಖಾತೆಯೂ ಇದೆ. ಆದರೆ ಡೇರಿಗೆ ಹಾಲು ಹಾಕುವ ಹಿರಿಯರಲ್ಲಿ ಅನೇಕರ ಕೈಯಲ್ಲಿರುವುದು ಕೀಪ್ಯಾಡ್ ಫೋನ್. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಸಭೆಯ ಸೂಚನೆ ಅವರಿಗೆ ಮುಟ್ಟುವುದಿಲ್ಲ; ಎಸ್‌ಎಂಎಸ್ಸೇ ಆಗಬೇಕು.

ಮೊಬೈಲ್ ಸಂಖ್ಯೆಯ ಮುಂದೆ ಕಂಪನಿಯ ವಿಳಾಸ ಸೇರಿಸಿ ಇಮೇಲ್ ಕಳುಹಿಸಿದರೆ ಅದು ಎಸ್‌ಎಂಎಸ್ ಆಗಿ ತಲುಪುತ್ತದೆ ಎಂಬ ಹಳೆಯ ಉಪಾಯವನ್ನು ಇಂದಿಗೂ ಕೆಲವರು ಹೇಳಿಕೊಡುತ್ತಾರೆ. ಆ ಪದ್ಧತಿ ಬಹುಕಾಲ ನಡೆದ ಅಮೆರಿಕದಲ್ಲಿಯೇ ಎಟಿ ಅಂಡ್ ಟಿ ಕಂಪನಿ 2025ರ ಜೂನ್ 17ರಂದು ಅದನ್ನು ನಿಲ್ಲಿಸಿತು. ಅದರ ಹಿಂದೆ ಬಿದ್ದು ಸಮಯ ಹಾಳುಮಾಡಿಕೊಳ್ಳಬೇಡಿ. ಸಂಖ್ಯೆ ಮತ್ತು ಒಟಿಪಿ ಕೇಳುವ ‘ಫ್ರೀ ಎಸ್‌ಎಂಎಸ್’ ಜಾಲತಾಣಗಳಂತೂ ಬೇಡವೇ ಬೇಡ. ಸಂದೇಶದ ಬಾಲಕ್ಕೆ ಜಾಹೀರಾತು ಅಂಟಿಸಿ ಕಳುಹಿಸುವ ತಾಣವೊಂದಕ್ಕೆ ಸದಸ್ಯರ ಸಂಖ್ಯೆಗಳ ಪಟ್ಟಿಯನ್ನೇ ಒಪ್ಪಿಸಿದವರನ್ನು ನಾನು ನೋಡಿದ್ದೇನೆ.

ಉಳಿದಿರುವ ಸರಿಯಾದ ದಾರಿ ನಿಮ್ಮ ಜಿಮೇಲ್ ಖಾತೆಯ ಮೂಲಕ ಫೋನನ್ನೂ ಕಂಪ್ಯೂಟರನ್ನೂ ಜೋಡಿಸುವುದು. ಬರೆಯುವುದು ಕಂಪ್ಯೂಟರಿನಲ್ಲಿ, ಹೊರಡುವುದು ನಿಮ್ಮದೇ ಸಿಮ್‌ನಿಂದ. ಆದ್ದರಿಂದ ಇದು ಉಚಿತವೆನಿಸುವುದು ನಿಮ್ಮ ರೀಚಾರ್ಜ್ ಪ್ಯಾಕ್‌ನಲ್ಲಿ ಎಸ್‌ಎಂಎಸ್ ಸೇರಿದ್ದರೆ ಮಾತ್ರ. ಸಾಮಾನ್ಯವಾಗಿ ದಿನಕ್ಕೆ 100 ಇರುತ್ತದೆ, ಕೆಲವು ಅಗ್ಗದ ಪ್ಯಾಕ್‌ಗಳಲ್ಲಿ ಇರುವುದಿಲ್ಲ, ಮೊದಲು ನೋಡಿಕೊಳ್ಳಿ.

ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಮೆಸೇಜಸ್ ಆ್ಯಪನ್ನೇ ಎಸ್‌ಎಂಎಸ್‌ನ ಡೀಫಾಲ್ಟ್ ಆ್ಯಪ್ ಮಾಡಿ, ಮೇಲಿನ ಫೋಟೊ ಗುರುತನ್ನು ಒತ್ತಿ ‘ಡಿವೈಸ್ ಪೇರಿಂಗ್’ಗೆ ಹೋಗಿ. ಕಂಪ್ಯೂಟರಿನಲ್ಲಿ ಮೆಸೇಜಸ್ ಡಾಟ್ ಗೂಗಲ್ ಡಾಟ್ ಕಾಮ್ ಸ್ಲ್ಯಾಷ್ ವೆಬ್ ತೆರೆದು ಅದೇ ಜಿಮೇಲ್ ಖಾತೆಯಿಂದ ಸೈನ್ ಇನ್ ಆಗಿ, ಪರದೆಯಲ್ಲಿ ಕಾಣುವ ಎಮೋಜಿಯನ್ನೇ ಫೋನಿನಲ್ಲಿಯೂ ಒತ್ತಿದರೆ ಜೋಡಣೆ ಮುಗಿಯಿತು. ಫೋನಿನಲ್ಲಿ ಮಗನ ಖಾತೆ, ಕಂಪ್ಯೂಟರಿನಲ್ಲಿ ಸಂಘದ ಖಾತೆ ಇದ್ದರೆ ಇದು ಆಗುವುದಿಲ್ಲ. ಕೆಲಸ ಮುಗಿಯುವ ತನಕ ಫೋನಿಗೂ ಇಂಟರ್‌ನೆಟ್ ಇರಬೇಕು.

ಹೆಚ್ಚಿನವರು ಎಡವುವುದು ಸಂದೇಶ ಬರೆಯುವಾಗ. ಇಂಗ್ಲಿಷ್ ಅಕ್ಷರಗಳ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ ಹಿಡಿಸುವುದು 70 ಮಾತ್ರ, ಅದೂ ನಾವು ಎಣಿಸುವ ಅಕ್ಷರಗಳಲ್ಲ. ಕಾಗುಣಿತದ ಗುರುತು, ಒತ್ತಕ್ಷರದ ನಡುವಿನ ಅರ್ಧಾಕ್ಷರದ ಚಿಹ್ನೆ, ಸೊನ್ನೆ, ಖಾಲಿ ಜಾಗ ಎಲ್ಲಕ್ಕೂ ಒಂದೊಂದು ಸ್ಥಾನ ಹೋಗುತ್ತದೆ. ‘ಲಕ್ಷ್ಮಿ’ ಎಂದರೆ ಕಣ್ಣಿಗೆ ಎರಡೇ ಅಕ್ಷರ, ಎಸ್‌ಎಂಎಸ್‌ಗೆ ಏಳು. ‘ಮಂಡ್ಯ’ ಎಂದರೆ ಐದು. ‘ಸನ್ಮಾನ್ಯ ಸದಸ್ಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭಿಸಿದರೆ ಹೇಳಬೇಕಾದ ವಿಷಯ ಬರುವ ಮೊದಲೇ 44 ಸ್ಥಾನ ಖರ್ಚಾಗಿರುತ್ತದೆ. ಆಹ್ವಾನ ಪತ್ರಿಕೆಯ ಈ ಭಾಷೆಯನ್ನು ಎಸ್‌ಎಂಎಸ್‌ಗೆ ತರಲೇಬೇಡಿ. ‘ನಾಳೆ ಬೆಳಿಗ್ಗೆ ಡೇರಿಯಲ್ಲಿ ಸಭೆ’ ಎಂದರೆ 27ಕ್ಕೆ ಮುಗಿಯುತ್ತದೆ, ಗಂಟೆ ಮತ್ತು ಕಾರಣ ಬರೆಯಲು ಧಾರಾಳ ಜಾಗ ಉಳಿಯುತ್ತದೆ.

70 ದಾಟಿತೆಂದರೆ ಸಂದೇಶ ತಲಾ 67 ಸ್ಥಾನದ ತುಂಡುಗಳಾಗುತ್ತದೆ, ಪ್ರತಿ ತುಂಡೂ ಒಂದು ಎಸ್‌ಎಂಎಸ್ ಎಂದೇ ಲೆಕ್ಕಕ್ಕೆ ಬರುತ್ತದೆ. 60 ಸದಸ್ಯರಿಗೆ ಎರಡು ತುಂಡಿನ ಸಂದೇಶ ಕಳುಹಿಸಿದರೆ 120 ಆಗುತ್ತದೆ. ದಿನದ 100 ಮುಗಿದು ಕೊನೆಯವರಿಗೆ ತಲುಪುವುದೇ ಇಲ್ಲ, ಇಲ್ಲವೇ ಹಣ ಕತ್ತರಿಸುತ್ತದೆ. ಇಂಗ್ಲಿಷ್ ಲಿಪಿಯ ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರವೋ ರೂಪಾಯಿ ಚಿಹ್ನೆಯೋ ಎಮೋಜಿಯೋ ನುಸುಳಿದರೂ ಇಡೀ ಸಂದೇಶ 70ರ ಲೆಕ್ಕಕ್ಕೆ ಇಳಿಯುತ್ತದೆ. ‘ರೂ.’ ಎಂಬುದನ್ನು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿಯೇ ಬರೆಯಿರಿ.

ಕೆಲವು ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಚೌಕಗಳಾಗಿ ಕಾಣುತ್ತದೆ. ಅದಕ್ಕೆ ಹೆದರಿ ಎಲ್ಲರಿಗೂ ಇಂಗ್ಲಿಷ್ ಲಿಪಿಯಲ್ಲಿ ಕಳುಹಿಸುವುದು ನನಗೆ ಒಪ್ಪಿಗೆಯಿಲ್ಲ. ಒಮ್ಮೆ ಪರೀಕ್ಷೆಗೆಂದು ಕಳುಹಿಸಿ, ಓದಲಾಗದವರ ಹೆಸರನ್ನು ಬೇರೆ ಪಟ್ಟಿಗೆ ಹಾಕಿಕೊಳ್ಳಿ.

ಹಲವರಿಗೆ ಒಟ್ಟಿಗೆ ಕಳುಹಿಸುವ ಮುನ್ನ ಫೋನಿನ ಮೆಸೇಜಸ್ ಸೆಟ್ಟಿಂಗ್‌ನಲ್ಲಿ ಗ್ರೂಪ್ ಮೆಸೇಜಿಂಗ್ ಎಂಬುದನ್ನು ಚಿತ್ರ ಕಳುಹಿಸಲು ಬಳಸುವ ಎಂಎಂಎಸ್‌ನಿಂದ ಬಿಡಿಬಿಡಿ ಎಸ್‌ಎಂಎಸ್‌ಗೆ ಬದಲಿಸಿ, ಏಕೆಂದರೆ ಎಂಎಂಎಸ್ ಈ 100ರಲ್ಲಿ ಸೇರುವುದಿಲ್ಲ. ನಾನಂತೂ ಹತ್ತು ಹತ್ತು ಜನರಂತೆ ಕಳುಹಿಸಿ ಎನ್ನುತ್ತೇನೆ. ಪಶು ಆಹಾರದ ಅಂಗಡಿಯ ಪ್ರಚಾರವನ್ನು ಹೀಗೆ ಕಳುಹಿಸಬೇಡಿ: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ವಾಣಿಜ್ಯ ಸಂದೇಶಕ್ಕೆ ನೋಂದಣಿ ಬೇಕು, ಯಾರಾದರೂ 1909ಕ್ಕೆ ದೂರು ಕೊಟ್ಟರೆ ನಿಮ್ಮ ಸಂಖ್ಯೆಗೇ ಕುತ್ತು.

ಸಂಘದ ಕಂಪ್ಯೂಟರಿನಲ್ಲಿ ನಾಲ್ಕಾರು ಜನ ಕೂರುವುದಾದರೆ ಎದ್ದು ಹೋಗುವ ಮುನ್ನ ‘ಡಿವೈಸ್ ಪೇರಿಂಗ್’ಗೆ ಮರಳಿ ಜೋಡಣೆಯನ್ನು ತೆಗೆದುಹಾಕಿ, ಜಿಮೇಲ್ ಖಾತೆಯಿಂದಲೂ ಹೊರಬನ್ನಿ. ಇಲ್ಲದಿದ್ದರೆ ನಿಮ್ಮ ಫೋನಿಗೆ ಬರುವ ಬ್ಯಾಂಕಿನ ಒಟಿಪಿ ಕೂಡ ಆ ಪರದೆಯ ಮೇಲೆ ಕಾಣುತ್ತಿರುತ್ತದೆ.